ಮೇಷ್ಟ್ರಿಗೊಂದು ಮನೆ ಬೇಕಾಗಿದೆ

ನಮ್ಮ ಅಂಗಡಿಯಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಮುಖ, ಒಂದು ಬೆನ್ನು ಇರುತ್ತದೆ. ಹಳೆಯ ಮೇಜು, ಕುರ್ಚಿ, ಬೀರು, ಮಂಚಗಳನ್ನು ಮಾರುವ ಅಂಗಡಿ; ಅದರ ಮೇಲೆಯೇ ನಮ್ಮ ಮನೆ. ಯಾವ ಬದಿ ಮುಖ, ಯಾವುದು ಬೆನ್ನು ಎಂದು ತೀರ್ಮಾನಿಸುವವರು ಅಪ್ಪ. ಬೀರುವಿನ ಎಡಬದಿಗೆ ಗೆದ್ದಲು ಹಿಡಿದಿದ್ದರೆ ಎಡಬದಿ ಬೆನ್ನಾಗಿ ಗೋಡೆಗೆ ತಿರುಗುತ್ತದೆ. ಹಿಂಬದಿಗೂ ಹಿಡಿದಿದ್ದರೆ ಬೀರು ಮೂಲೆ ಸೇರುತ್ತದೆ; ಮೂಲೆಗೆ ಎರಡು ಗೋಡೆ. "ನಾನು ಇವತ್ತಿನವರೆಗೂ ಗಿರಾಕಿ ಹತ್ರ ಸುಳ್ಳು ಹೇಳಿಲ್ಲ" ಎಂಬುದು ಅಪ್ಪನ ಹೆಮ್ಮೆ. ನಿಜವೇ. ಆ ಕೆಲಸವನ್ನು ಅವರು ಗೋಡೆಗೆ ವಹಿಸಿದ್ದಾರೆ.

ಹಾಗೆ ತಿರುಗಿಸಿದ ಪ್ರತಿಯೊಂದರ ಅಡಿಯಲ್ಲೂ ಅಪ್ಪ ಸೀಮೆಸುಣ್ಣದಿಂದ ಒಂದು ಸೊನ್ನೆ ಹಾಕುತ್ತಾರೆ. ಅದು ಮನೆಯವರಿಗಾಗಿ. ಸೊನ್ನೆ ಇದ್ದ ಕುರ್ಚಿಯಲ್ಲಿ ನಾವು ಕೂರಬಾರದು, ಸೊನ್ನೆ ಇದ್ದ ಮಂಚವನ್ನು ನೆಂಟರಿಗೆ ಮಾರಬಾರದು. ಚಿಕ್ಕವರಿದ್ದಾಗ ನಾನು, ಅಕ್ಕ ಕೂರುವ ಮೊದಲು ಕುರ್ಚಿ ಬೋರಲು ಹಾಕಿ ನೋಡುತ್ತಿದ್ದೆವು. ಹೆಣ್ಣು ನೋಡುವ ದಿನ ಅಕ್ಕ ಭಾವನ ಮನೆಯವರ ಎದುರೇ ಹಾಗೆ ಮಾಡಿದ್ದಳು. ಹುಡುಗಿ ಬಲು ಅಚ್ಚುಕಟ್ಟು ಎಂದು ಅವರು ಒಪ್ಪಿಕೊಂಡರು.

ನಾನು ತತ್ವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವೀಧರ. ಆದ್ದರಿಂದ ಅಂಗಡಿಯಲ್ಲಿ ಚೀಟಿ ಬರೆಯುತ್ತೇನೆ. ಕುಂಟುವ ಮೇಜಿಗೆ "ಹಗುರ ಬಳಕೆಗೆ ಸೂಕ್ತ". ಬಾಗಿಲು ಮುಚ್ಚದ ಬೀರುವಿಗೆ "ಗಾಳಿ ಚೆನ್ನಾಗಿ ಆಡುತ್ತದೆ". ಉಳಿದ ಹೊತ್ತು ಸುಮ್ಮನಿರುತ್ತೇನೆ. ಇದನ್ನು ಮನೆಯವರು ಮೊದಲು ಚಿಂತನೆ ಎಂದರು, ಆಮೇಲೆ ಅಜೀರ್ಣ ಎಂದರು, ಈಗ ಏನೂ ಅನ್ನುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಅಂಗಡಿಗೆ ಕಳ್ಳರು ನುಗ್ಗಿದರು. ಎಲ್ಲವನ್ನೂ ತಿರುಗಿಸಿ ಮುರುಗಿಸಿ ನೋಡಿ, ಏನನ್ನೂ ಒಯ್ಯದೆ ಹೊರಟುಹೋದರು. ಅಪ್ಪನಿಗೆ ಆದ ಅವಮಾನ ಅಷ್ಟಿಷ್ಟಲ್ಲ. ಕಾವಲಿಗೆ ನಾಯಿ ಬೇಕೇ ಬೇಕು ಎಂದರು. ಮರಿ ತರೋಣ ಎಂದಳು ಅಮ್ಮ.

"ಹೊಸದಕ್ಕೆ ದುಡ್ಡು ಹಾಕೋನಷ್ಟು ದಡ್ಡ ಇನ್ನೊಬ್ಬನಿಲ್ಲ. ಬೆಳೆದಿರೋದೇ ತರೋಣ."

ನಾಯಿಗಳ ಆಶ್ರಯಧಾಮದಲ್ಲಿ ಅಪ್ಪ ಹಲ್ಲು ನೋಡಿದರು, ಕಾಲು ನೋಡಿದರು, ಮಂಚ ಗಟ್ಟಿಯಿದೆಯೇ ಎಂದು ಒತ್ತುವ ಹಾಗೆ ಬೆನ್ನು ಒತ್ತಿದರು. ಅಲ್ಲಿದ್ದ ಹೆಂಗಸು ನಗುತ್ತಾ, "ಇವನಿಗೆ ದೊಡ್ಡವರು ಅಂದ್ರೆ ಪ್ರಾಣ ಸಾರ್. ಸದ್ದುಗದ್ದಲ ಇಲ್ಲದ ಮನೆ ಸಿಕ್ರೆ ಬಂಗಾರದಂಥ ನಾಯಿ" ಎಂದಳು. ಮಕ್ಕಳ ವಿಷಯ ಅವಳು ಎತ್ತಲಿಲ್ಲ, ಅಪ್ಪ ಕೇಳಲಿಲ್ಲ. ಜೀವಮಾನವಿಡೀ ಗೋಡೆಯ ನೆರವಿನಿಂದ ವ್ಯಾಪಾರ ಮಾಡಿದ ಮನುಷ್ಯ, ಇನ್ನೊಬ್ಬರು ಗೋಡೆಗೆ ತಿರುಗಿಸಿದ್ದನ್ನು ಈಚೆ ಎಳೆದು ನೋಡಲಿಲ್ಲ. ಬರುವ ದಾರಿಯಲ್ಲಿ, ತುಂಬ ಸಲೀಸಾಗಿ ಸಿಕ್ಕಿತು ಎಂದು ಬೀಗಿದರು.

ನಾಯಿಗೆ ಬಿಳಿಯ ಕುರುಚಲು ಗಡ್ಡ. ಕನ್ನಡಕದ ಮೇಲಿನಿಂದ ನೋಡುವಂತೆ ತಲೆ ತಗ್ಗಿಸಿ ಎಲ್ಲರನ್ನೂ ದಿಟ್ಟಿಸುತ್ತಿತ್ತು. ಮೇಷ್ಟ್ರು ಎಂದು ಹೆಸರಾಯಿತು. ಹೆಸರು ಹಾಗಿದ್ದ ಮೇಲೆ ಏಕವಚನ ಯಾರ ಬಾಯಿಗೂ ಬರಲಿಲ್ಲ. ಮೇಷ್ಟ್ರು ಉಂಡರು, ಮೇಷ್ಟ್ರು ಮಲಗಿದರು. ನನಗೆ ಮನೆಯಲ್ಲಿ ಈವರೆಗೂ ಸಿಗದ ಬಹುವಚನ ಅವರಿಗೆ ಒಂದೇ ವಾರದಲ್ಲಿ ಸಿಕ್ಕಿತು. ಅಂಗಡಿಯ ಕೊನೆಯಲ್ಲಿ, ಯಾರೂ ಕೊಳ್ಳದ ದೊಡ್ಡ ಊಟದ ಮೇಜಿನ ಕೆಳಗೆ ಅವರು ಮಲಗುತ್ತಿದ್ದರು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಅವರ ಬೆನ್ನು ನನ್ನ ಪಾದಕ್ಕೆ ತಾಗುತ್ತಿತ್ತು. ಇಡೀ ಮಧ್ಯಾಹ್ನ ಹಾಗೇ ಕಳೆಯುತ್ತಿತ್ತು. ಏನು ಯೋಚಿಸ್ತಿದೀಯ ಎಂದು ಅವರು ಒಂದು ದಿನವೂ ಕೇಳಲಿಲ್ಲ. ಮನುಷ್ಯರಲ್ಲಿ ಆ ಮಟ್ಟದ ಸಂಸ್ಕಾರವನ್ನು ನಾನು ಕಂಡಿಲ್ಲ.

ಆಮೇಲೆ ಭಾವನಿಗೆ ವರ್ಗವಾಯಿತು. ಅಲ್ಲಿ ಮನೆ ಸಿಗುವವರೆಗೆ ಎಂದು ಅಕ್ಕ ಮಗಳ ಜೊತೆ ಬಂದಳು. ಮಗಳಿಗೆ ನಾಲ್ಕು ವರ್ಷ, ಎಲ್ಲರ ಬಾಯಲ್ಲಿ ಚಿನಕುರುಳಿ. ಅವಳು ಅಂಗಡಿಯಲ್ಲಿ ಓಡಿದರೆ ಬೀರುಗಳ ಬಾಗಿಲು ತಾವಾಗಿ ತೆರೆದುಕೊಳ್ಳುತ್ತಿದ್ದವು. ಬಂದ ದಿನದಿಂದಲೇ ಮೇಜಿನ ಕೆಳಗಿನಿಂದ ಒಂದು ಸಣ್ಣ ಗುರುಗುಟ್ಟುವಿಕೆ ಶುರುವಾಯಿತು. ಎಲ್ಲರೂ ಕೇಳಿಸಿಕೊಂಡೆವು. ಅಮ್ಮ ಅದನ್ನು ಗೊರಕೆ ಎಂದಳು. ಅಪ್ಪ ಗಂಟಲು ಸರಿಮಾಡಿಕೊಳ್ಳುವುದು ಎಂದರು. ನಾನು ಅದನ್ನು ಗದ್ದಲದ ವಿರುದ್ಧ ಒಂದು ನಿಲುವು ಎಂದು ಗೌರವಿಸಿದೆ. ಮೇಷ್ಟ್ರು ಎಷ್ಟು ದಿನ ಹೇಳಿ ನೋಡಿದರೋ ಪಾಪ.

ಒಂದು ಮಧ್ಯಾಹ್ನ ಚಿನಕುರುಳಿ ಬಿಸ್ಕತ್ತು ಹಿಡಿದುಕೊಂಡು ಮೇಜಿನ ಕೆಳಗೆ ತೆವಳಿ, ಅವರ ಕುತ್ತಿಗೆ ತಬ್ಬಿಕೊಂಡಳು. ಮೇಷ್ಟ್ರು ಒಮ್ಮೆ ಸೆಟೆದುಕೊಂಡು, ಅವಳ ಮುಂಗೈಗೆ ಬಾಯಿ ಹಾಕಿಬಿಟ್ಟರು. ನಾನು ಪಾದದಳತೆಯಲ್ಲಿದ್ದೆ. ಅವಳನ್ನು ಎಳೆದುಕೊಳ್ಳುವಷ್ಟರಲ್ಲಿ ಎರಡು ಕಡೆ ರಕ್ತ ಬಂದಿತ್ತು. ಅವಳು ಉಸಿರು ಹಿಡಿದು, ತಡವಾಗಿ, ಇಡೀ ಬೀದಿಗೆ ಕೇಳುವಂತೆ ಅತ್ತಳು. ಮೇಷ್ಟ್ರು ಗೋಡೆಗೆ ಅಂಟಿಕೊಂಡು ನಡುಗುತ್ತಿದ್ದರು.

ಆಸ್ಪತ್ರೆಯಲ್ಲಿ ಮಗಳಿಗೆ ಸೂಜಿ ಹಾಕಿಸಿ, ಅವಳ ಕೈಗೆ ಪಟ್ಟಿ ಸುತ್ತಿಸಿಕೊಂಡು ಬಂದ ಅಕ್ಕ ಮೆಟ್ಟಿಲ ಮೇಲೆ ನಿಂತೇ ಹೇಳಿದಳು. "ಅದು ಹೋಗ್ಬೇಕು. ಅದು ಈ ಮನೇಲಿದ್ರೆ ನಾನು ಇರಲ್ಲ."

ಬಹುವಚನ ಅಲ್ಲಿಗೆ ಮುಗಿಯಿತು.

"ಮುಖಕ್ಕೆ ಬಾಯಿ ಹಾಕಿದ್ರೆ ಏನ್ ಗತಿ? ನೀನು ಅಲ್ಲೇ ಕೂತಿದ್ಯಲ್ಲೋ, ಏನ್ ಮಾಡ್ತಿದ್ದೆ?" ಎಂದು ನನ್ನ ಕಡೆ ತಿರುಗಿದಳು.

"ಇನ್ನೇನ್ ಮಾಡ್ತಾನೆ," ಎಂದಳು ಅಮ್ಮ. "ಯೋಚನೆ."

ಅಕ್ಕ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಅದೇ ಕಷ್ಟ. ಮೇಷ್ಟ್ರನ್ನು ಹಿಂದಿನ ಕೋಣೆಯಲ್ಲಿ ಕೂಡಿಹಾಕಿದೆವು. ಆಶ್ರಯಧಾಮಕ್ಕೆ ಫೋನ್ ಮಾಡಿದರೆ, ಬಂಗಾರದಂಥ ನಾಯಿ ಎಂದಿದ್ದ ಹೆಂಗಸೇ, ಜಾಗವಿಲ್ಲ ಎಂದಳು. ನಾನು ಮೇಷ್ಟ್ರನ್ನು ನಾಯಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಕೆ ಅವರ ಕಿವಿ, ಸೊಂಟ, ಹಲ್ಲು ಎಲ್ಲ ನೋಡಿ, ನೋವು ಎಲ್ಲೂ ಇಲ್ಲ, ಬರೀ ಹೆದರಿಕೆ ಎಂದರು.

"ಯಾವ್ದೋ ಕಾಲದಲ್ಲಿ ಯಾವ್ದೋ ಮಗು ಕೈಲಿ ಪಾಡು ಪಟ್ಟಿರ್ಬೇಕು. ಮಕ್ಕಳೇ ಇಲ್ಲದ ಮನೆ ಹುಡುಕಿ. ತಗೊಳ್ಳೋರಿಗೆ ಕಚ್ಚಿರೋ ವಿಷಯ ಹೇಳಿ. ಮುಚ್ಚಿಟ್ಟು ಕೊಟ್ರೆ, ಅಲ್ಲಿ ಇನ್ನೊಂದು ಮಗೂಗೆ ಬಾಯಿ ಹಾಕುತ್ತೆ. ಆಮೇಲೆ ಅದನ್ನ ನನ್ನ ಹತ್ರಾನೇ ತರ್ತಾರೆ. ಇಂಜೆಕ್ಷನ್‌ಗೆ."

"ಯಾವ ಇಂಜೆಕ್ಷನ್?" ಎಂದೆ.

ಅವರು ನನ್ನನ್ನು ನೋಡಿದರು. ನಾನು ಓದಿದವನಲ್ಲವೇ, ಅರ್ಥ ಮಾಡಿಕೊಂಡೆ.

ಮನೆಗೆ ಬಂದು ಹೇಳಿದರೆ, ಅಪ್ಪ ಕೈ ಬೀಸಿದರು. "ಡಾಕ್ಟರಿಗೆ ವ್ಯಾಪಾರ ಗೊತ್ತಾ? ಮೊದಲು ದೋಷ ಹೇಳಿ ಆಮೇಲೆ ಮಾರಿದೋರನ್ನ ನಾನಂತೂ ನೋಡಿಲ್ಲ. ಪೆನ್ನು ತಗೋ." ನಾನು ಪೆನ್ನು ತೆಗೆದುಕೊಂಡೆ. "ಬರಿ. ಕಾವಲಿಗೆ ಅತ್ಯುತ್ತಮ. ಅನುಭವಸ್ಥ ನಾಯಿ. ಮಿತಭಾಷಿ."

"ಕಚ್ಚಿದ್ದು?"

"ಚುರುಕು ಅಂತ ಬರಿ."

ಚೀಟಿ ಕಿಟಕಿಗೆ ಬಿತ್ತು. ಮೊದಲು ಬಂದವನು ಒಬ್ಬ ಗ್ಯಾರೇಜಿನವನು. ಇಷ್ಟು ಬೆಳ್ಳಗಿನ ಗಡ್ಡದ ನಾಯಿಗೆ ಕಳ್ಳರು ಕೈಮುಗಿದು ಒಳಗೆ ಹೋಗುತ್ತಾರೆ ಎಂದು ಹೇಳಿ ಹೊರಟುಹೋದ.

ಎರಡನೆಯದಾಗಿ, ಒಂದು ಬೆಳಿಗ್ಗೆ, ಗಂಡಹೆಂಡತಿ ಬಂದರು. ಅವರು ಬಂದದ್ದು ನಾಯಿಗಾಗಿ ಅಲ್ಲ, ತೊಟ್ಟಿಲಿಗಾಗಿ. ಹೆಂಡತಿಗೆ ದಿನ ತುಂಬುತ್ತಾ ಬಂದಿತ್ತು. ಒಂದು ಕೈ ಸೊಂಟದ ಮೇಲಿಟ್ಟುಕೊಂಡು ನಡೆಯುತ್ತಿದ್ದಳು. ಅಪ್ಪ ಗೋಡೆ ಬದಿಯ ತೊಟ್ಟಿಲನ್ನು ತೋರಿಸಿದರು. ನಾನೇ ಬರೆದ ಚೀಟಿ ಅದರ ಮೇಲಿತ್ತು: "ತಲೆಮಾರುಗಳನ್ನು ತೂಗಿದ್ದು". ಅದನ್ನು ಬರೆಯುವಾಗ ನಾನು ಅಡಿ ನೋಡಿರಲಿಲ್ಲ. ನೋಡುವ ಅಭ್ಯಾಸ ಕೂರುವ ವಸ್ತುಗಳಿಗೆ ಮಾತ್ರ ಇತ್ತು.

ಆ ಹೊತ್ತಿಗೆ ನಾನು ಮೇಷ್ಟ್ರನ್ನು ಅಡ್ಡಾಡಿಸಿಕೊಂಡು ಒಳಗೆ ಬಂದೆ. ಹೆಂಡತಿ "ಅಯ್ಯೋ, ಎಷ್ಟು ಚೆನ್ನಾಗಿದೆ!" ಎಂದು ಕುರ್ಚಿಯೊಂದರಲ್ಲಿ ಕುಳಿತು ಕೈ ಚಾಚಿದಳು. ಮೇಷ್ಟ್ರು ಹೋಗಿ, ಆಕೆಯ ತೊಡೆಯ ಮೇಲೆ ಗದ್ದವಿಟ್ಟು, ಕಣ್ಣು ಮುಚ್ಚಿದರು. ದೊಡ್ಡವರೆಂದರೆ ಅವರಿಗೆ ನಿಜಕ್ಕೂ ಪ್ರಾಣ.

ಅಪ್ಪನ ಮುಖದಲ್ಲಿ ದೀಪ ಹತ್ತಿದ್ದನ್ನು ನಾನು ನೋಡಿದೆ.

"ತಗೊಂಡೋಗಿ ತಾಯಿ. ತೊಟ್ಟಿಲಿನ ಜೊತೆ ಕಾವಲು ಉಚಿತ."

"ನಿಜವಾಗ್ಲೂ?" ಗಂಡನ ಕಡೆ ತಿರುಗಿ, "ರೀ, ನಾನು ಒಬ್ಬಳೇ ಇರ್ತೀನಲ್ಲ ಹಗಲೆಲ್ಲ" ಎಂದಳು. ಆಮೇಲೆ ಕೇಳಬೇಕಾದದ್ದನ್ನು ಕೇಳಿದಳು. "ಮಕ್ಕಳ ಜೊತೆ ಹೇಗೆ?"

"ಮಕ್ಕಳನ್ನ ಕಂಡ್ರೆ ಕಣ್ಣು ಕೀಳಲ್ಲ," ಎಂದರು ಅಪ್ಪ. ಅವರು ಸುಳ್ಳು ಹೇಳುವವರಲ್ಲ.

ಮೆಟ್ಟಿಲಿನಿಂದ ಅಮ್ಮ ಇಳಿದು ಬಂದಿದ್ದಳು. ಹಿಂದೆಯೇ ಅಕ್ಕ, ಚಿನಕುರುಳಿಯ ಭುಜ ಹಿಡಿದುಕೊಂಡು. ನಾನು ಹಗ್ಗ ಗಿಡ್ಡ ಮಾಡಿ ಹಿಡಿದುಕೊಂಡೆ. ಈಗ ಅಕ್ಕ ಬಾಯಿ ಬಿಡುತ್ತಾಳೆ ಎಂದು ನೆಮ್ಮದಿಯಿಂದ ಕಾದೆ. ಕಚ್ಚಿಸಿಕೊಂಡ ಮಗುವಿನ ತಾಯಿ. ಇನ್ನೊಬ್ಬ ತಾಯಿ ಎದುರಿಗೆ ಕೂತಿದ್ದಾಳೆ. ನಾನು ಎಂದಿನಂತೆ ಸುಮ್ಮನಿರಬಹುದು.

ಅಕ್ಕ ಹೆಂಗಸಿನ ಹೊಟ್ಟೆ ನೋಡಿದಳು. ನಾಯಿಯನ್ನು ನೋಡಿದಳು. ಆಮೇಲೆ ಮೆಲ್ಲಗೆ ಮಗಳನ್ನು ಪಕ್ಕಕ್ಕೆ ಸರಿಸಿ, ಪಟ್ಟಿ ಕಟ್ಟಿದ್ದ ಕೈ ಕಾಣದಂತೆ ಅವಳನ್ನು ಅರೆ ತಿರುಗಿಸಿ ನಿಲ್ಲಿಸಿದಳು.

ಗೋಡೆಯ ಕಡೆಗೆ.

ಅಂಗಡಿಯಲ್ಲಿ ಯಾರೂ ಮಾತಾಡಲಿಲ್ಲ. ಮೌನ ನನಗೆ ಇಷ್ಟ ಎಂದು ಹೇಳಿಕೊಂಡು ತಿರುಗಿದವನು ನಾನು. ಅದರಲ್ಲಿ ಬಗೆಗಳಿವೆ ಎಂದು ಗೆಳೆಯರಿಗೆ ಉಪನ್ಯಾಸ ಕೊಟ್ಟಿದ್ದೇನೆ. ಈ ಬಗೆಯದು ಆಶ್ರಯಧಾಮದ ಹೆಂಗಸಿನ ಬಾಯಲ್ಲಿತ್ತು, ಬೀರುಗಳ ಹಿಂದೆ ಇತ್ತು, ಈಗ ಅದಕ್ಕೆ ನನ್ನ ಪಾಲೂ ಬೇಕಾಗಿತ್ತು. ಗಂಡ ಆಗಲೇ ಹಗ್ಗಕ್ಕೆ ಕೈ ಚಾಚಿದ್ದ.

"ಕಚ್ಚುತ್ತೆ," ಎಂದೆ. ಬೆಳಗಿನಿಂದ ಬಳಸದ ದನಿ, ಒಡೆದು ಬಂತು. "ಮಕ್ಕಳನ್ನ ಕಚ್ಚುತ್ತೆ. ಆ ಮಗು ಕೈ ನೋಡಿ. ನಿಮ್ಮ ಮನೆಗೆ ಬೇಡ."

ಹೆಂಗಸು ಕುಳಿತಲ್ಲೇ ಹಿಂದಕ್ಕೆ ಸರಿದಳು. ಮೇಷ್ಟ್ರು ತಲೆಯೆತ್ತಿ, ತೊಡೆ ಎಲ್ಲಿ ಹೋಯಿತೆಂದು ನೋಡಿದರು. ಗಂಡ ಚಿನಕುರುಳಿಯನ್ನು ನೋಡಿದ, ಅಪ್ಪನನ್ನು ನೋಡಿದ. ಆಮೇಲೆ, ಯಾಕೆ ಹೊಳೆಯಿತೋ, ತೊಟ್ಟಿಲನ್ನು ಎತ್ತಿ ಬೋರಲು ಹಾಕಿದ.

"ಇದೇನ್ರೀ ಇದು, ಸೊನ್ನೆ?"

"ಸೀಮೆಸುಣ್ಣ," ಎಂದರು ಅಪ್ಪ.

"ಅದ್ರಲ್ಲಿ ಕೂರ್ಬಾರ್ದು ಅಂತ," ಎಂದಳು ಚಿನಕುರುಳಿ, ಅಷ್ಟೂ ಗೊತ್ತಿಲ್ಲವೇ ಎಂಬ ದನಿಯಲ್ಲಿ.

ತೂಗುವ ಕೀಲಿನಲ್ಲಿ ಉದ್ದಕ್ಕೆ ಬಿರುಕಿತ್ತು. ಗಂಡನ ಬಾಯಿಂದ ಬಂದ ಮಾತುಗಳನ್ನು ಅಪ್ಪ ತಲೆ ತಗ್ಗಿಸಿ, ಬೇರೆ ಯಾರಿಗೋ ಬೈಯುತ್ತಿದ್ದಾರೆ ಎಂಬಂತೆ ಕೇಳಿಸಿಕೊಂಡರು. ಗಂಡಹೆಂಡತಿ ಹೋದ ಮೇಲೆ ನನ್ನ ಕಡೆ ತಿರುಗಿದರು.

"ಇಷ್ಟು ವರ್ಷ ಒಂದು ಮಾತಾಡದೋನು. ಇವತ್ತೇ ಬಾಯಿ ಬರ್ಬೇಕಿತ್ತಾ ನಿಂಗೆ?"

"ಮೂಗನಾಗೇ ಇದ್ದಿದ್ರೆ ಹೆಣ್ಣಾದ್ರೂ ಕೊಡ್ತಿದ್ರು," ಎಂದು ಅಮ್ಮ ತನ್ನ ಸಂಕಟವನ್ನೂ ಸೇರಿಸಿದಳು.

ಸಂಜೆ ನಾನು ಹಿಂದಿನ ಕೋಣೆಯ ಬಾಗಿಲಲ್ಲಿ ಕುಳಿತಿದ್ದೆ. ಅಕ್ಕ ಬಂದು ಸ್ವಲ್ಪ ದೂರದಲ್ಲಿ, ನಾಯಿಗೆ ಬೆನ್ನು ಮಾಡಿ ಕುಳಿತಳು. ಕೂರುವ ಮೊದಲು ಮಣೆ ತಿರುಗಿಸಿ ನೋಡಿದಳು.

"ನೋಡ್ಬಿಟ್ಯಲ್ಲ ನೀನು, ನಾನು ಮಾಡಿದ್ದು?"

"ಹೂಂ."

"ಕೈ ತಾನಾಗೇ ಹೋಯ್ತು ಕಣೋ. ಯೋಚ್ನೆ ಮಾಡಿ ಮಾಡಿದ್ದಲ್ಲ." ಬಹಳ ಹೊತ್ತು ಸುಮ್ಮನಿದ್ದಳು. ಅವಳಿಗೂ ಅದು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. "ಆದ್ರೆ ಅದು ಇಲ್ಲಿರೋದು ಬೇಡ. ನಂಗೆ ನಿದ್ದೆ ಬರಲ್ಲ. ಚೀಟಿ ನೀನೇ ಬರಿ, ಇದ್ದದ್ದು ಇದ್ದ ಹಾಗೆ. ಸಿಗೋವರೆಗೂ ಬಾಗಿಲು ಹಾಕಿರ್ಲಿ, ಬೀಗದ ಕೈ ನನ್ನ ಹತ್ರ ಇರ್ಲಿ."

ನಾನು ಬರೆದೆ. "ವಯಸ್ಸಾದ ನಾಯಿ. ದೊಡ್ಡವರೆಂದರೆ ಪ್ರಾಣ. ಮಕ್ಕಳನ್ನು ಸಹಿಸುವುದಿಲ್ಲ, ಒಂದು ಮಗುವನ್ನು ಕಚ್ಚಿದೆ. ಮಕ್ಕಳಿಲ್ಲದ, ಮಕ್ಕಳು ಬಾರದ ಮನೆಗೆ ಮಾತ್ರ." ಅಪ್ಪ ಅದನ್ನು ಓದಿ, ಅಂಗಡಿಗೆ ಬೀಗ ಹಾಕುವುದೊಂದು ಬಾಕಿ ಎಂದರು.

ಚೀಟಿ ಬೀದಿಯಲ್ಲಿ ಹೆಸರು ಮಾಡಿತು. ಕಾಲೇಜು ಹುಡುಗರು ಅದರ ಪಕ್ಕ ನಿಂತು ಫೋಟೋ ತೆಗೆದುಕೊಂಡರು. ಒಬ್ಬ ಗೌರವಸ್ಥ ಮನುಷ್ಯ ಒಳಗೆ ಬಂದು, ಸಾಕಿದವರ ಮಕ್ಕಳನ್ನು ಮಾತ್ರ ಕಚ್ಚುತ್ತದೆಯೇ ಅಥವಾ ಮೇಲಿನ ಮನೆಯವರ ಮಕ್ಕಳಿಗೂ ಆಗುತ್ತದೆಯೇ ಎಂದು ವಿಚಾರಿಸಿದ. ಆಗುವುದಿಲ್ಲ ಎಂದು ಕಳಿಸಿದೆ. ಮೇಷ್ಟ್ರು ಕೋಣೆಯ ಬಾಗಿಲಿನ ಅಡಿಯ ಸಂದಿಗೆ ಮೂಗು ಹಚ್ಚಿ ಮಲಗುತ್ತಿದ್ದರು. ಸಂದಿಯ ಈಚೆ ನಾನು ಪಾದ ಇಡುತ್ತಿದ್ದೆ. ಯಾರೂ ಬಾರದಿದ್ದರೆ ಎಂಬ ಯೋಚನೆ ಬಂದಾಗೆಲ್ಲ ನಾಯಿ ಡಾಕ್ಟರ ಮುಖ ಕಾಣುತ್ತಿತ್ತು. ಯಾರಾದರೂ ಬಂದುಬಿಟ್ಟರೆ ಎಂಬ ಯೋಚನೆಯೂ ಅಷ್ಟೇನೂ ಹಿತವಾಗಿರಲಿಲ್ಲ.

ಬಂದರು. ಬಿಳಿ ಕೂದಲಿನ, ಕೈಯಲ್ಲಿ ಕೊಡೆ ಹಿಡಿದ ಹೆಂಗಸು. ಕಿಟಕಿಯ ಚೀಟಿಯನ್ನು ಎರಡು ಸಲ ಓದಿ ಒಳಗೆ ಬಂದರು.

"ಇದನ್ನ ಬರೆದವರು ಯಾರು?"

ನಾನು ಎದ್ದು ನಿಂತೆ. ಆ ದನಿಗೆ ಯಾರಾದರೂ ಎದ್ದು ನಿಲ್ಲಬೇಕು.

"ಅಕ್ಷರ ಚೆನ್ನಾಗಿದೆ. ಕೂತ್ಕೊ. ನಾನು ಪ್ರೈಮರಿ ಸ್ಕೂಲಲ್ಲಿ ಟೀಚರಾಗಿದ್ದೆ, ಈಗ ರಿಟೈರಾಗಿದೀನಿ. ಒಬ್ಬಳೇ ಇರೋದು. ಮಕ್ಕಳಿಲ್ಲ, ಮೊಮ್ಮಕ್ಕಳಿಲ್ಲ, ನೆಂಟರ ಮಕ್ಕಳು ನನ್ನ ಕಂಡ್ರೆ ಓಡ್ತಾರೆ. ಕಚ್ಚಿದ್ದು ಹೇಗೆ, ಸರಿಯಾಗಿ ಹೇಳು."

ಹೇಳಿದೆ. ಗುರುಗುಟ್ಟಿದ್ದು, ನಾವು ಅದಕ್ಕೆ ಕೊಟ್ಟ ಅರ್ಥಗಳು, ಬಿಸ್ಕತ್ತು, ತಬ್ಬಿಕೊಂಡದ್ದು. ಆಕೆ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ, "ಅಷ್ಟು ಸಲ ಎಚ್ಚರಿಕೆ ಕೊಟ್ಟಿದಾನಲ್ಲ. ನಾನು ಮೂವತ್ತು ವರ್ಷ ಕಚ್ಚದೆ ತಡ್ಕೊಂಡಿದ್ದೆ. ಹೇಗೆ ಅಂತ ನಂಗೇ ಗೊತ್ತಿಲ್ಲ" ಎಂದರು.

ಈಗ ವ್ಯಾಪಾರ ಕುದುರಿತು ಎಂದು ಅಪ್ಪ ಮುಂದೆ ಬಂದರೆ, ನಾನು ಕೆಡಿಸಲು ಶುರುಮಾಡಿದೆ. ಅಕ್ಕಪಕ್ಕದಲ್ಲಿ ಮಕ್ಕಳಿದ್ದಾರಾ? ಗೇಟಿಗೆ ಚಿಲಕ ಇದೆಯಾ? ಚೆಂಡು ಬಿದ್ದರೆ ಒಳಗೆ ಬರುತ್ತಾರಾ? ಆಕೆ ಒಂದೊಂದಕ್ಕೂ ಉತ್ತರ ಕೊಟ್ಟರು. ಚೆಂಡು ಬೀಳುತ್ತದೆ, ಈಗಲೂ ಯಾರೂ ಒಳಗೆ ಬರುವುದಿಲ್ಲ, ತಾವೇ ಎಸೆಯುತ್ತಾರೆ. ಗೇಟಿಗೆ ಬೀಗ ಹಾಕಿಸುತ್ತಾರೆ. ಹೊರಗೆ ಕರೆದೊಯ್ಯುವಾಗ ಬಾಯಿಗೆ ಕುಕ್ಕೆ, ಅದೂ ಶಾಲೆ ಬಿಡುವ ಹೊತ್ತಿನಲ್ಲಿ ಅಲ್ಲ. ಅಷ್ಟಾದರೂ ನಾನು ಅವರ ಮನೆಗೆ ಹೋಗಿ ನೋಡಿ ಬಂದೆ. ಗೇಟು ಅಲ್ಲಾಡಿಸಿದೆ. ಅವರು ಟೀ ಕೊಟ್ಟು ಎದುರಿಗೆ ಕೂತು, ಲೋಟ ಖಾಲಿಯಾಗುವವರೆಗೆ ಒಂದು ಮಾತೂ ಆಡಲಿಲ್ಲ. ಆಗ ನನಗೆ ಇನ್ನು ನೆವವಿಲ್ಲ ಎಂದು ಗೊತ್ತಾಯಿತು.

ಕರೆದೊಯ್ಯುವ ದಿನ ಅಕ್ಕ ಮಗಳನ್ನು ಮೇಲೆಯೇ ಇರಿಸಿಕೊಂಡಳು. ಬೀಗದ ಕೈ ಮಾತ್ರ ಅವಳೇ ಕಿಟಕಿಯಿಂದ ಎಸೆದಳು.

"ಹೆಸರೇನು ಇವನದು?" ಎಂದರು ಟೀಚರ್.

"ಮೇಷ್ಟ್ರು."

ಅವರು ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ನಾಯಿಯನ್ನು ದೀರ್ಘವಾಗಿ ನೋಡಿದರು. "ಮೊದಲೇ ಹೇಳ್ಬಾರ್ದಿತ್ತೇನೋ? ಇಷ್ಟು ಹೊತ್ತೂ ಏಕವಚನದಲ್ಲಿ ಮಾತಾಡ್ಬಿಟ್ನಲ್ಲ."

ಮೇಷ್ಟ್ರು ಆಟೋ ಹತ್ತಿ, ಆಕೆಯ ತೊಡೆ ಹುಡುಕಿಕೊಂಡು ಗದ್ದವಿಟ್ಟರು. ಹಿಂದೆ ತಿರುಗಿ ನೋಡಲಿಲ್ಲ. ನೋಡುತ್ತಾರೆಂದು ನಾನು ನಿಂತಿದ್ದೆ ಎನ್ನುವುದು ಬೇರೆ ಮಾತು.

ಈ ಪ್ರಕರಣದಿಂದ ಅಪ್ಪ ಪಾಠ ಕಲಿತರು. ಆ ಚೀಟಿ ಓದಲು ಬಂದವರಲ್ಲಿ ಕೆಲವರು, ಇಷ್ಟು ನೇರವಾಗಿ ಬರೆಯುವ ಅಂಗಡಿ ಎಂದು ಮೆಚ್ಚಿ, ಎರಡು ಬೀರು, ಒಂದು ಮಂಚ ಕೊಂಡಿದ್ದರು. ಸತ್ಯಕ್ಕೆ ಗಿರಾಕಿ ಇದ್ದಾರೆ ಎಂಬುದು ಅಪ್ಪನಿಗೆ ಹೊಸ ವಿಷಯ. ಈಗ ಕುಂಟುವ ಮೇಜಿನ ಮೇಲೆ "ಕುಂಟುತ್ತದೆ" ಎಂದೇ ಬರೆಸುತ್ತಾರೆ. ಅವು ಬೇಗ ಬೇಗ ಖಾಲಿಯಾಗಿ, ಉಳಿದವು ಗಟ್ಟಿ ಮಾಲುಗಳು. ಅವುಗಳಿಗೆ ಹೇಳಿಕೊಳ್ಳುವಂಥ ದೋಷವಿಲ್ಲದಿರುವುದೇ ಈಗ ಅವರ ಚಿಂತೆ.

ನಿನ್ನೆ ಮಧ್ಯಾಹ್ನ ಊಟದ ಮೇಜಿನ ಬಳಿ ಕುಳಿತಿದ್ದಾಗ ಫೋನ್ ಬಂತು.

"ನಾನಪ್ಪ, ಟೀಚರು. ಮೇಷ್ಟ್ರು ಊಟ ಮಾಡಿ ಮಲಗಿದಾರೆ. ಇಲ್ಲೇ, ನನ್ನ ಕಾಲ ಹತ್ರ. ಬೇರೇನಿಲ್ಲ." ಅಷ್ಟು ಹೇಳಿ, ಫೋನನ್ನು ಕೆಳಗೆ ಹಿಡಿದಿರಬೇಕು. ಉಸಿರಾಟ ಕೇಳಿಸಿತು. ಎಳೆದು, ತಡೆದು, ಬಿಡುವ ಅದೇ ಉಸಿರು. ಅಮ್ಮ ಹೇಳಿದ್ದರಲ್ಲಿ ಸ್ವಲ್ಪ ನಿಜವಿತ್ತು, ಗೊರಕೆಯೂ ಇತ್ತು. ನಾನು ಫೋನನ್ನು ಕಿವಿಗೆ ಒತ್ತಿಕೊಂಡು, ಚಪ್ಪಲಿ ಬಿಟ್ಟು, ಪಾದವನ್ನು ಮೇಜಿನ ಕೆಳಗಿನ ಖಾಲಿ ಜಾಗಕ್ಕೆ ಚಾಚಿದೆ.

"ಏಯ್!" ಅಪ್ಪ ಆ ಕೊನೆಯಿಂದ ಕೂಗಿದರು. "ಹೊಸದಾಗಿ ಬಂದಿರೋ ಈ ಮಂಚ ನೋಡಿದೆ, ಒಂದು ಬಿರುಕೂ ಇಲ್ಲ. ಏನಾದ್ರೂ ಒಂದು ದೋಷ ಯೋಚ್ನೆ ಮಾಡಿ ಬರಿಯೋ."

"ತಡಿಯಪ್ಪ," ಎಂದೆ. "ಮಾತಾಡ್ತಿದೀವಿ."